ಮೂವತ್ತನಾಲ್ಕನೇ ತಾರೀಖು

ಅಕ್ಷರ ಮುದ್ದಾಗಿರುವವನನ್ನು ನಂಬಬಾರದು. ಇದನ್ನು ಇಷ್ಟು ಧೈರ್ಯವಾಗಿ ಹೇಳುವುದಕ್ಕೆ ಕಾರಣ, ನನ್ನ ಅಕ್ಷರ ಬಹಳ ಮುದ್ದಾಗಿದೆ. ಮುತ್ತು ಪೋಣಿಸಿದ ಹಾಗಿದೆ ಎಂದು ಶಾಲೆಯಲ್ಲಿ ಮೇಷ್ಟ್ರು ಹೊಗಳಿದ್ದರು. ಆ ಮುತ್ತುಗಳ ಬಲದಿಂದಲೇ ಅರವತ್ತರ ದಶಕದ ಕೊನೆಯಲ್ಲಿ ನನಗೆ ವಿಜಯಪುರದ ಒಂದು ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ ಗುಮಾಸ್ತಿಕೆ ಸಿಕ್ಕಿತು. ಅಲ್ಲಿ ಚಿಟ್ಟೆಗಳು ತಟ್ಟೆಯಲ್ಲಿ ಹಾಸಿದ ಹಾಳೆಯ ಮೇಲೆ ಮೊಟ್ಟೆಯಿಡುತ್ತಿದ್ದವು, ಹುಳು ಮೇಯಿಸುವ ರೈತರು ಆ ಹಾಳೆಗಳನ್ನು ಮನೆಗೆ ಒಯ್ಯುತ್ತಿದ್ದರು. ಮೊಟ್ಟೆಯಿಟ್ಟ ಹತ್ತನೆಯ ದಿನಕ್ಕೆ ಮರಿ ಏಳುತ್ತದೆ. ಚಿಟ್ಟೆಯ ಕೋಣೆಗಳಿಂದ ಬರುವ ಚೀಟಿಗಳನ್ನು ನೋಡಿ, ಯಾವ ಹಾಳೆಯ ಮೊಟ್ಟೆ ಯಾವ ತಾರೀಖಿನದು ಎಂದು ದೊಡ್ಡ ಪುಸ್ತಕಕ್ಕೆ ಇಳಿಸುವುದು ನನ್ನ ಕೆಲಸ. ಇದಕ್ಕೆ ನಾನೇ ಒಂದು ಸೂತ್ರ ಕಂಡುಕೊಂಡಿದ್ದೆ. ಚೀಟಿಯಲ್ಲಿ ಮೊದಲು ಕಾಣುವ ಅಂಕಿಯೇ ತಾರೀಖು. ಉಳಿದದ್ದನ್ನು ಓದುವ ಗೋಜಿಗೇ ನಾನು ಹೋಗುತ್ತಿರಲಿಲ್ಲ. ರೈತರು ಮೊಟ್ಟೆಯ ಬಣ್ಣ ನೋಡಿಯೇ ದಿನ ತಿಳಿಯುತ್ತಿದ್ದರು, ನನ್ನ ಪುಸ್ತಕವನ್ನು ಯಾರೂ ಕೇಳುತ್ತಿರಲಿಲ್ಲ.

ಮುನಿಯಕ್ಕ ಹತ್ತಿರದ ಹಳ್ಳಿಯವಳು. ಗಂಡನಿಲ್ಲದ ಮನೆಯನ್ನು ಹಿಪ್ಪುನೇರಳೆ ತೋಟದಿಂದಲೇ ನಡೆಸುತ್ತಿದ್ದ ಗಟ್ಟಿಗಿತ್ತಿ. ಆ ಸಲ ಬಂದವಳು ಹಾಳೆ ತೆಗೆದುಕೊಂಡ ಮೇಲೂ ಹೋಗದೆ ನನ್ನ ಮೇಜಿನ ಮುಂದೆ ನಿಂತಳು. "ಗುಮಾಸ್ತ್ರೇ, ದೊಡ್ಡ ಮಗಳ ಮದ್ವೆ ಐತೆ. ಜೋಯಿಸ್ರು ಎಲ್ಡು ಮುಹೂರ್ತ ಕೊಟ್ಟವ್ರೆ. ಹುಳ ಹಣ್ಣಾಗೋ ದಿನ ಮದ್ವೆ ಬಂದ್ರೆ ಕೆಟ್ಟೆ. ಈ ಮರಿ ಎಂದು ಏಳ್ತದೆ, ಸರಿಯಾಗಿ ನೋಡೇಳಿ" ಎಂದಳು. ನಾನು ಪುಸ್ತಕ ಬಿಡಿಸಿ ಗತ್ತಿನಿಂದ ಬೆರಳಿಟ್ಟೆ. ಮೊಟ್ಟೆಯ ತಾರೀಖು ಏಳು, ಆದ್ದರಿಂದ ಹದಿನೇಳಕ್ಕೆ ಮರಿ. ಮರಿ ನಾಲ್ಕು ಜ್ವರ ಮುಗಿಸಿ, ಅಂದರೆ ನಾಲ್ಕು ಸಲ ಪೊರೆ ಬಿಟ್ಟು, ಹಣ್ಣಾಗಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಏರುವುದು ಮುಂದಿನ ತಿಂಗಳ ಹದಿಮೂರಕ್ಕೆ. ಮುನಿಯಕ್ಕ ಬೆರಳು ಮಡಿಚಿ ಮತ್ತೊಮ್ಮೆ ಎಣಿಸಿ, ಆ ತಿಂಗಳ ಹದಿನೆಂಟರ ಮುಹೂರ್ತವನ್ನೇ ಗಟ್ಟಿಮಾಡಿಕೊಂಡು ಹೋದಳು.

ಮರಿ ಏಳಬೇಕಾದ ದಿನ ಕಳೆದು ಎರಡು ದಿನಕ್ಕೆ, ಈ ತಿಂಗಳ ಹತ್ತೊಂಬತ್ತರಂದೇ, ಅವಳು ಮತ್ತೆ ಬಂದಾಗ ಮುಖ ಕೆಂಪಾಗಿತ್ತು. ಮರಿ ಏಳುವುದಿರಲಿ, ಮೊಟ್ಟೆ ಬಣ್ಣ ಕೂಡ ತಿರುಗಿಲ್ಲವಂತೆ. ಲಗ್ನಪತ್ರಿಕೆಗೆ ಅರಿಶಿನ ಹಚ್ಚಿ ಅರ್ಧ ಊರಿಗೆ ಹಂಚಿಯಾಗಿದೆಯಂತೆ. ನಾನು ಗುಮಾಸ್ತನಾದವನು ಮಾಡಬೇಕಾದದ್ದನ್ನೇ ಮಾಡಿದೆ. ಮೊದಲು ಚಳಿಯನ್ನು ದೂರಿದೆ, ಆಮೇಲೆ ಚಿಟ್ಟೆಯನ್ನು, ಆಮೇಲೆ ಮೆಲ್ಲಗೆ ಅವಳ ಮನೆಯ ಗಾಳಿಯನ್ನು. "ನಮ್ಮನೆ ಗಾಳಿಗೆ ಏನಾಗೈತೆ? ನಿಮ್ ತಲೆಗೇನೋ ಗಾಳಿ ಹಿಡಿದೈತೆ" ಎಂದಳು. ವಿಧಿಯಿಲ್ಲದೆ ತಂತಿಗೆ ಚುಚ್ಚಿಟ್ಟಿದ್ದ ಹಳೆಯ ಚೀಟಿಗಳನ್ನು ತೆಗೆದು, ಚಿಟ್ಟೆಯ ಕೋಣೆಯ ಬುಡನ್ ಸಾಬರನ್ನು ಕರೆಸಿದೆ.

ಸಾಬರು ಮೂವತ್ತು ವರ್ಷದಿಂದ ಚಿಟ್ಟೆಗಳ ಜೊತೆ ಬಾಳಿದವರು, ನಡೆಯುವಾಗಲೂ ಸದ್ದಾಗದಂತೆ ನಡೆಯುವವರು. ಚೀಟಿಯಲ್ಲಿ ಏಳು, ಅದರ ಪಕ್ಕದಲ್ಲಿ ಹನ್ನೆರಡು ಎಂದಿತ್ತು. "ಏಳು ತಟ್ಟೆ ನಂಬ್ರು ಕಣಪ್ಪಾ, ಹನ್ನೆರಡು ತಾರೀಖು" ಎಂದರು. ತಾರೀಖನ್ನು ಮೊದಲು ಬರೆಯಬಾರದಿತ್ತೇ ಎಂದು ನಾನು ರೇಗಿದೆ. "ತಾರೀಖು ಯಾರು ಬೇಕಾದ್ರೂ ಹೇಳ್ತಾರೆ. ಯಾವ ತಟ್ಟೇಲಿ ಮಡಗಿದೆ ಅಂತ ನನ್ ಬಿಟ್ರೆ ಯಾರ್ ಹೇಳ್ತಾರೆ? ಅದಕ್ಕೇ ಅದು ಮೊದ್ಲು" ಎಂದು ಶಾಂತವಾಗಿ ಉತ್ತರಿಸಿ, ಹಳೆಯ ಚೀಟಿಗಳ ಜೊತೆ ಹೋಲಿಸುತ್ತಾ ನನ್ನ ಪುಸ್ತಕವನ್ನು ತಿರುವತೊಡಗಿದರು. ಒಂದು ಕಡೆ ಅವರ ಬೆರಳು ನಿಂತಿತು. "ಇದು ಮೂವತ್ತನಾಲ್ಕನೇ ತಟ್ಟೆ. ನೀನು ಇಪ್ಪತ್ನಾಲ್ಕು ಅಂತ ಬರ್ದಿದ್ದೀಯ?" ಇಲ್ಲಿ ಸುಳ್ಳು ಹೇಳುವುದಿಲ್ಲ. ಯಾವ ತಿಂಗಳಿಗೂ ಮೂವತ್ತನಾಲ್ಕನೇ ತಾರೀಖು ಇಲ್ಲವೆಂಬುದು ಬರೆಯುವಾಗ ನನಗೂ ಹೊಳೆದಿತ್ತು. ಸಾಬರಿಗೆ ವಯಸ್ಸಾಯಿತು, ಕೈತಪ್ಪಿದೆ ಎಂದು ಮರುಕಪಟ್ಟು ನಾನೇ ಅದನ್ನು ತಿದ್ದಿದ್ದೆ. ತಿದ್ದಿದ ಅಂಕಿಯೂ ಬಹಳ ಮುದ್ದಾಗಿ ಬಂದಿತ್ತು.

ಎಲ್ಲ ಐದು ದಿನ ಮುಂದಕ್ಕೆ ಹೋಗಿ, ಹುಳು ಹಣ್ಣಾಗುವುದು ಮದುವೆಯ ದಿನವಾದ ಹದಿನೆಂಟಕ್ಕೇ ಎಂಬುದು ಈಗ ಎಲ್ಲರಿಗೂ ಸ್ಪಷ್ಟವಾಯಿತು. ಹಣ್ಣಾದ ಹುಳುವನ್ನು ಅಂದೇ ಆರಿಸಿ ಚಂದ್ರಿಕೆಗೆ ಬಿಡದಿದ್ದರೆ ತಿಂಗಳ ದುಡಿಮೆ ತಟ್ಟೆಯಲ್ಲೇ ಹಾಳು. ಈ ಹಾಳೆಗಳನ್ನು ಬಿಟ್ಟುಬಿಡೋಣ ಎಂದೆ. ಮುನಿಯಕ್ಕ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. "ಮನೆಗೆ ಬಂದ ಲಕ್ಷ್ಮೀನ ಯಾರಾದ್ರೂ ಆಚೆಗೆ ಹಾಕ್ತಾರಾ? ಮದ್ವೇನೂ ಆಗ್ಲಿ, ಹುಳಾನೂ ಹಣ್ಣಾಗ್ಲಿ. ನೀವು ಮಾತ್ರ ಆವತ್ತು ಬೆಳಗ್ಗೇನೇ ಬಂದ್ಬಿಡಿ" ಎಂದಳು. ಅದು ಆಹ್ವಾನವೋ ಶಿಕ್ಷೆಯೋ ತಿಳಿಯಲಿಲ್ಲ.

ಅಂಥ ಮದುವೆಯನ್ನು ನೀವು ಕಂಡಿರಲಾರಿರಿ. ಹುಳುವಿಗೆ ಒಗ್ಗರಣೆಯ ಘಾಟು ಆಗದು, ಆದ್ದರಿಂದ ಅಡುಗೆಯನ್ನು ಎರಡು ಹೊಲ ದಾಟಿ ಮಾವಿನ ತೋಪಿನಲ್ಲಿ ಮಾಡಿಸಿದ್ದರು. ಊದುಬತ್ತಿ ಇಲ್ಲ, ಅತ್ತರು ಇಲ್ಲ. ಬೀಡಿ ಸೇದುವವರನ್ನು ಊರ ಕಟ್ಟೆಯ ಆಚೆಗೆ ಅಟ್ಟಿದ್ದರು. ತಾಳಿ ಕಟ್ಟಿದ್ದೇ ತಡ, ಒಳಗಿನಿಂದ "ಹಣ್ಣಾಗ್ಬಿಟ್ವು!" ಎಂದು ಯಾರೋ ಕೂಗಿದರು. ಬೀಗರು ಮುನಿಸಿಕೊಂಡು ಎದ್ದುಹೋಗುತ್ತಾರೆಂದು ನಾನು ಮೆಲ್ಲಗೆ ಬಾಗಿಲ ಕಡೆಗೆ ಸರಿದೆ. ಆದರೆ ಅವರೂ ಹುಳು ಮೇಯಿಸುವ ಜನವೇ. ಗಂಡಿನ ತಾಯಿ ಸೀರೆಯ ಸೆರಗು ಸಿಕ್ಕಿಸಿ ಮೊದಲು ಒಳಗೆ ನುಗ್ಗಿದಳು. ಮದುಮಗ ಬಾಸಿಂಗ ಬಿಚ್ಚಿ ನನ್ನ ಕೈಗೆ ಕೊಟ್ಟು ತಟ್ಟೆಯ ಮುಂದೆ ಕುಳಿತ. ಮದುಮಗಳು ಅವನ ಎದುರಿಗೆ ಕುಳಿತಳು. ಅವರು ಒಬ್ಬರನ್ನೊಬ್ಬರು ಸರಿಯಾಗಿ ನೋಡಿದ್ದು ಅಲ್ಲಿಯೇ ಇರಬೇಕು. ಸಂಜೆಯವರೆಗೆ ಮೂರು ಊರಿನ ನೆಂಟರು ಹುಳು ಆರಿಸಿದರು, ಹಾಡಿದರು, ಒಬ್ಬರನ್ನೊಬ್ಬರು ರೇಗಿಸಿದರು. ಇಷ್ಟು ವರ್ಷ ಕಳೆದರೂ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬಂದರೆ ನನಗೆ ಆ ಮನೆಯ ನಗು ಕೇಳಿಸುತ್ತದೆ.

ಊಟಕ್ಕೆ ಕೂತಾಗ ಮುನಿಯಕ್ಕ ತಾನೇ ಬಂದು ಹೋಳಿಗೆ ಬಡಿಸಿದಳು. "ಬೀಗರು ಎಂಥೋರು ಅಂತ ತಿಳಿಯಾಕೆ ಹತ್ತು ವರ್ಸ ಬೇಕಾಯ್ತಿತ್ತು. ನಿಮ್ ತಪ್ಪಿಂದ ಒಂದೇ ದಿನಕ್ಕೆ ತಿಳೀತು" ಎಂದಳು. ನಾನು ಉಬ್ಬಿ, ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ. ಅವಳು ತುಪ್ಪ ಸುರಿಯುತ್ತಾ ಮುಂದುವರಿಸಿದಳು: "ಚಿಕ್ಕೋಳ ಮದ್ವೆಗೆ ಮಾತ್ರ ಸಾಬ್ರನ್ನೇ ಕೇಳ್ತೀನಿ."

ಹಾಗೆಯೇ ಕೇಳಿದಳು. ಎರಡು ವರ್ಷದ ಮೇಲೆ ಚಿಕ್ಕ ಮಗಳ ಮದುವೆಗೆ ನನ್ನನ್ನೂ ಕರೆದಿದ್ದರು. ಸಾಬರು ಹೇಳಿದ ದಿನಕ್ಕೇ ಹುಳು ಚಂದ್ರಿಕೆಗೆ ಏರಿತ್ತು, ಮುಹೂರ್ತ ಮುಹೂರ್ತಕ್ಕೇ ಆಯಿತು, ಒಗ್ಗರಣೆ ಅಂಗಳದಲ್ಲೇ ಚಟಪಟ ಎಂದಿತು. ಎಲ್ಲರೂ ಸಾಲಾಗಿ ಕುಳಿತು ಉಂಡು, ಕೈ ತೊಳೆದು, ಬಸ್ಸು ಹಿಡಿದು ಊರಿಗೆ ಹೋದರು. ಅಷ್ಟು ಸಪ್ಪೆ ಮದುವೆಯನ್ನು ನಾನು ಇನ್ನೊಂದು ಕಂಡಿಲ್ಲ.