ನಮ್ಮ ಮನೆಯ ಸಮುದ್ರಕ್ಕೊಂದು ತೂತು

ಗಾಜಿಗೆ ತೂತು ಕೊರೆಯುವುದು ಬಹಳ ಸುಲಭದ ಕೆಲಸ. ಇದನ್ನು ನಾನು ಓದಿ ತಿಳಿದುಕೊಂಡಿದ್ದೆ. ಓದಿ ತಿಳಿದುಕೊಂಡ ಕೆಲಸವನ್ನು ಇನ್ನೊಬ್ಬರ ಕೈಗೆ ಕೊಡುವ ಅಭ್ಯಾಸ ನನಗಿಲ್ಲ.

ಹುಚ್ಚು ಹತ್ತಿದ್ದು ಮಲ್ಲೇಶ್ವರದ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ. ದವಡೆ ಹಲ್ಲು ಕೀಳಿಸಿಕೊಳ್ಳಲೆಂದು ಹೋಗಿ, ಕೆನ್ನೆ ಹಿಡಿದುಕೊಂಡು ಸರದಿ ಕಾಯುತ್ತಾ ಕೂತಿದ್ದೆ. ಎದುರಿಗೆ ಒಂದು ಗಾಜಿನ ತೊಟ್ಟಿ. ಅದರೊಳಗೆ ಸಮುದ್ರ! ನಾವೆಲ್ಲ ಕಂಡ ಸಿಹಿನೀರಿನ ಮೀನು ತೊಟ್ಟಿಯಲ್ಲ ಅದು. ಉಪ್ಪು ನೀರು, ಅದರಲ್ಲಿ ಜೀವಂತ ಹವಳ, ಹವಳದ ಸಂದಿಯಲ್ಲಿ ಮೈಗೆ ಬಿಳಿ ಪಟ್ಟೆ ಬಳಿದುಕೊಂಡ ಎರಡು ಕಿತ್ತಳೆ ಮೀನು. ನೋಡುತ್ತಾ ನೋಡುತ್ತಾ ಹಲ್ಲುನೋವು ಮರೆತೇಹೋಯಿತು. ಕಾಂಪೌಂಡರ್ ನನ್ನ ಹೆಸರು ಕರೆದಾಗ ಎದ್ದು ಸೀದಾ ಚಾಮರಾಜಪೇಟೆಯ ಮನೆಗೆ ಬಂದುಬಿಟ್ಟೆ.

ಮುಂದಿನ ಒಂದು ತಿಂಗಳು ಆಫೀಸು ಮುಗಿಸಿ ಸೈಬರ್ ಕೆಫೆಗೆ ಹೋಗುವುದು, ಹವಳದ ತೊಟ್ಟಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಪ್ರಿಂಟ್ ತೆಗೆಸುವುದು, ಮನೆಗೆ ತಂದು ಅಡಿಗೆರೆ ಎಳೆಯುವುದು. ಪರೀಕ್ಷೆಗೆ ಓದುವಾಗ ಇಷ್ಟು ಗೆರೆ ಎಳೆದಿದ್ದರೆ ಇಷ್ಟು ಹೊತ್ತಿಗೆ ನಾನೇ ಹಲ್ಲಿನ ಡಾಕ್ಟರಾಗಿರುತ್ತಿದ್ದೆ.

ಸಮುದ್ರಕ್ಕೆ ಜಾಗ ಬೇಕಲ್ಲ? ನಮ್ಮ ನಡುಮನೆಯಲ್ಲಿ ಖಾಲಿಯಿರುವುದು ಒಂದೇ ಗೋಡೆ. ಅದು ನನ್ನ ಹೆಂಡತಿ ವಿಜಯ ಪ್ರತಿ ನವರಾತ್ರಿಗೆ ಗೊಂಬೆ ಕೂರಿಸುವ ಗೋಡೆ. ಅವಳ ಅಮ್ಮ ಮದುವೆಯಲ್ಲಿ ಕೊಟ್ಟ ಗೊಂಬೆಗಳು ಒಂದು ಟ್ರಂಕಿನ ತುಂಬ ಇವೆ. ಪಟ್ಟದ ರಾಜ ರಾಣಿ ಮಾತ್ರ ಮರದ್ದು, ಮಿಕ್ಕದ್ದೆಲ್ಲ ಮಣ್ಣಿನವು. ವರ್ಷದಲ್ಲಿ ಮಿಕ್ಕ ದಿನವೆಲ್ಲ ನಮ್ಮ ಮನೆಯಲ್ಲಿ ಅವಳು ಏನನ್ನೂ ತನ್ನದು ಎಂದು ಹೇಳಿಕೊಂಡವಳಲ್ಲ. ಆ ಹತ್ತು ದಿನ ಆ ಗೋಡೆ ಮಾತ್ರ ಅವಳದು.

"ಗೋಡೆ ಕೊಡ್ತೀನಿ ರೀ," ಎಂದಳು. "ಆದ್ರೆ ಪಾಡ್ಯದ ದಿನ ನನ್ನ ಗೊಂಬೆ ಕೂತಿರ್ಬೇಕು. ನಿಮ್ಮ ತೊಟ್ಟಿ ಮಧ್ಯದಲ್ಲಿ ಇರ್ಲಿ, ಅಕ್ಕಪಕ್ಕ ನಾನು ಹಲಗೆ ಇಟ್ಕೋತೀನಿ. ಅಮ್ಮ ಹೋದ್ಮೇಲೆ ಒಂದು ವರ್ಷಾನೂ ನಾನು ತಪ್ಪಿಸಿಲ್ಲ."

"ಈ ವರ್ಷ ನಿನ್ನ ಗೊಂಬೆ ನೋಡೋಕೆ ಇಡೀ ಬೆಂಗಳೂರು ಬರುತ್ತೆ ನೋಡ್ತಿರು!" ಎಂದು ನಾನು ಮಾತು ಕೊಟ್ಟೆ.

ತೊಟ್ಟಿಯನ್ನು ಆರಿಸುವ ಮಹತ್ಕಾರ್ಯ ಗಣೇಶನ ಹಬ್ಬ ಮುಗಿದ ಕೂಡಲೇ ಆರಂಭವಾಯಿತು. ಗಾಜಿನಂಗಡಿಯವರು, ನಾಲ್ಕಡಿ ಉದ್ದದ ತೊಟ್ಟಿಗೆ ಇಷ್ಟು ದಪ್ಪ ಸಾಕು ಎಂದು ಒಂದು ತುಂಡು ತೋರಿಸಿದರು. ನಾನು ಅದನ್ನು ಬೆರಳಿನಿಂದ ಕುಟ್ಟಿ ನೋಡಿದೆ. ನಮ್ಮ ಮನೆಯಲ್ಲಿ ಮಡಕೆ, ತೆಂಗಿನಕಾಯಿ, ಕಲ್ಲಂಗಡಿ, ಏನನ್ನೇ ಆಗಲಿ ಕುಟ್ಟಿ ನೋಡದೆ ತರುವ ಪದ್ಧತಿಯಿಲ್ಲ.

"ಇದಕ್ಕಿಂತ ಗಟ್ಟಿ ಇಲ್ವಾ?"

"ಇದೆ ಸಾರ್. ಆದ್ರೆ ಸುಮ್ನೆ ಭಾರ ಆಗುತ್ತೆ."

"ಆಗ್ಲಿ. ಮೊಮ್ಮಕ್ಕಳ ಕಾಲಕ್ಕೂ ಇರ್ಬೇಕು."

ನಮಗೆ ಮಕ್ಕಳೇ ಇಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲವಾದ್ದರಿಂದ ಗೌರವದಿಂದ ತಲೆಯಾಡಿಸಿದರು. ತೊಟ್ಟಿಯ ಹಿಂದಿನ ಗಾಜಿಗೆ ತೂತು ತಾವೇ ಕೊರೆದು ಕೊಡುವುದಾಗಿಯೂ ಹೇಳಿದರು. ನಾನು ಮುಗುಳ್ನಕ್ಕು ಬೇಡವೆಂದೆ. ಅಷ್ಟೊಂದು ಅಡಿಗೆರೆ ಎಳೆದದ್ದು ಯಾತಕ್ಕೆ?

ಗಾಡಿಯಲ್ಲಿ ಬಂದ ತೊಟ್ಟಿಯನ್ನು ನಾಲ್ಕು ಜನ ಹಮಾಲರು ಇಳಿಸಿದರು. ಬಾಗಿಲಲ್ಲಿ ನಮ್ಮಣ್ಣ, ಅಂದರೆ ನನ್ನ ತಂದೆ, ನಿಂತಿದ್ದರು. ನಿವೃತ್ತ ಮೇಷ್ಟರು; ಒಂದು ಕೈಯಲ್ಲಿ ಸದಾ ಪಂಚಾಂಗ. "ಹೊಸ್ತಿಲು ತುಳೀಬೇಡ್ರಪ್ಪಾ! ಹೊಸ್ತಿಲು!" ಎಂದು ಅವರು ಕೂಗಿದ ರಭಸಕ್ಕೆ ನಾಲ್ವರೂ ಒಟ್ಟಿಗೆ ಕಾಲೆತ್ತಿದರು. ಆ ಕ್ಷಣ ತೊಟ್ಟಿ ಉಳಿದದ್ದು ಯಾರ ಪುಣ್ಯವೋ. ಇಳಿಸಿದ ಮೇಲೆ ಅವರಲ್ಲೊಬ್ಬ ಸೊಂಟ ಹಿಡಿದುಕೊಂಡು, "ಸಾಮೀ, ಇದನ್ನ ಇನ್ನೊಂದ್ಸಲ ಎತ್ತಕ್ಕೆ ಮಾತ್ರ ನಮ್ಮನ್ನ ಕರೀಬ್ಯಾಡಿ," ಎಂದು ಹೇಳಿ ಹೋದ.

ಇನ್ನು ತೂತು. ತೊಟ್ಟಿ ತುಂಬಿ ಹೆಚ್ಚಾದ ನೀರು ಹಿಂದಿನ ಗಾಜಿನ ತೂತಿನಿಂದ ಕೆಳಗಿನ ಸಣ್ಣ ತೊಟ್ಟಿಗೆ ಇಳಿಯಬೇಕು. ಅಲ್ಲಿ ಶುದ್ಧವಾಗಿ ಪಂಪಿನ ಮೂಲಕ ಮತ್ತೆ ಮೇಲಕ್ಕೆ ಬರಬೇಕು. ಇದನ್ನು ಚಿತ್ರ ಬರೆದು ವಿಜಯಳಿಗೆ ವಿವರಿಸಿದೆ.

"ನೀರು ನಿಲ್ಲೋಕೆ ಅಂತ ತೊಟ್ಟಿ ತಂದು, ನೀರು ಹೋಗೋಕೆ ಅಂತ ತೂತು ಮಾಡ್ತೀರಾ?" ಎಂದಳು.

"ಅದು ವಿಜ್ಞಾನ."

ತೂತು ಕೊರೆಯುವ ಯಂತ್ರ ನನ್ನ ಸಹೋದ್ಯೋಗಿ ಪ್ರಕಾಶನದು. ಗೋಡೆಗೆ ಮೊಳೆ ಹೊಡೆಯಬೇಕಾದವರೆಲ್ಲ ಆಫೀಸಿನಲ್ಲಿ ಅವನನ್ನೇ ಹಿಡಿಯುವುದು. ಗಾಜು ಕೊರೆಯಲು ಬೇಕಾದ, ಅಂಚಿಗೆ ವಜ್ರದ ಪುಡಿ ಕೂರಿಸಿದ ಡ್ರಿಲ್ ಬಿಟ್ಟನ್ನು ಮಾತ್ರ ನಾನೇ ಹುಡುಕಿ ತಂದಿದ್ದೆ. ವಿಜಯ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ವಜ್ರದ್ದಾ?"

"ಹೂಂ."

"ಮೂಗಿಗೆ ಕೇಳಿದ್ರೆ ಇಲ್ಲ ಅಂದ್ರಿ. ಗಾಜಿಗೆ ತಂದ್ರಿ," ಎಂದು ಅದನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ನಾನು ಪ್ರಿಂಟ್ ಹಾಳೆಗಳನ್ನು ಮತ್ತೊಮ್ಮೆ ಓದುವ ನೆಪ ಮಾಡಿದೆ.

ಮಹಾಲಯ ಅಮಾವಾಸ್ಯೆಗೆ ಮುಂಚಿನ ಭಾನುವಾರ ಕೊರೆಯುವುದೆಂದು ನಿಶ್ಚಯವಾಯಿತು. ಪಕ್ಷಮಾಸದಲ್ಲಿ ಹೊಸ ಕೆಲಸ ಮಾಡಬಹುದೇ ಎಂಬ ಪ್ರಶ್ನೆ ಎದ್ದಿತು. ಅಣ್ಣ ಕನ್ನಡಕ ಏರಿಸಿ ತೀರ್ಪು ಕೊಟ್ಟರು: "ತೂತು ಶುಭಕಾರ್ಯ ಅಲ್ಲ. ಅದಕ್ಕೆ ಪಕ್ಷದ ಅಡ್ಡಿ ಇಲ್ಲ. ಆದ್ರೆ ರಾಹುಕಾಲ ಎಲ್ಲಕ್ಕೂ ಉಂಟು. ನಾಲ್ಕೂವರೆ ಒಳಗೆ ಮುಗಿಸ್ಬೇಕು."

"ಮುಂಚೆ ಶುರು ಮಾಡಿದ್ರೆ ಆಯ್ತಲ್ಲ ಅಣ್ಣ?"

"ಲೋ ನಾಗು, ತೂತು ಹುಟ್ಟೋದು ಯಾವಾಗ? ಆ ಕಡೆ ತಲುಪಿದಾಗ. ಅಲ್ಲೀವರೆಗೆ ಅದು ಬರೀ ಗುಳಿ. ಹುಟ್ಟೋ ಗಳಿಗೆ ರಾಹುಕಾಲದಲ್ಲಿ ಬೀಳ್ಬಾರ್ದು!"

ತೂತಿಗೂ ಜಾತಕವಿರುತ್ತದೆಂದು ನನ್ನ ಹಾಳೆಗಳಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಆದರೆ ಮನೆಯಲ್ಲಿ ಹಿರಿಯರ ಮಾತು ಮೀರುವುದುಂಟೇ? ಒಪ್ಪಿಕೊಂಡೆ.

ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆಂದ ಪ್ರಕಾಶ ಊಟ ಮುಗಿಸಿ, ಒಂದು ನಿದ್ದೆಯನ್ನೂ ಮುಗಿಸಿ ಮೂರು ಗಂಟೆಗೆ ಬಂದ. ಹಾಸಿಗೆ ಹಾಸಿ, ನಾನು, ಪ್ರಕಾಶ, ವಿಜಯ ಮೂವರೂ ಸೇರಿ ತೊಟ್ಟಿಯನ್ನು ಹಿಂಭಾಗ ಮೇಲಾಗುವಂತೆ ಮೆಲ್ಲಗೆ ಉರುಳಿಸಿದೆವು. ಕೊರೆಯುವ ಜಾಗ ಕಾಯದಂತೆ ನೀರು ನಿಂತಿರಬೇಕು, ಅದಕ್ಕೆ ಸುತ್ತ ಜೇಡಿಮಣ್ಣಿನ ಕಟ್ಟೆ ಕಟ್ಟಬೇಕು ಎಂದು ಹಾಳೆ ಹೇಳಿತು. ಜೇಡಿಮಣ್ಣು ಎಲ್ಲಿ? ಅಡುಗೆಮನೆಯಲ್ಲಿ ಒದ್ದೆ ಬಟ್ಟೆ ಮುಚ್ಚಿಟ್ಟ ಚಪಾತಿ ಹಿಟ್ಟು ಕಣ್ಣಿಗೆ ಬಿತ್ತು. ಅದರಿಂದ ಬಹಳ ಅಂದವಾದ ಕಟ್ಟೆ ಕಟ್ಟಿದೆ. ಆ ದಿನ ನಾನು ಮಾಡಿದ ಕೆಲಸಗಳಲ್ಲಿ ನೆಟ್ಟಗಾದದ್ದು ಅದೊಂದೇ.

"ಒತ್ಬಾರ್ದು ಗುರು, ಬರೀ ಮುಟ್ಟಿಸ್ಬೇಕು. ತಾನೇ ಕೊರ್ಕೊಂಡು ಹೋಗುತ್ತೆ," ಎಂದ ಪ್ರಕಾಶ, ಯಂತ್ರವನ್ನು ನನ್ನ ಕೈಗೆ ಕೊಡುತ್ತಾ. ಕೊರೆಯುವ ಗೌರವ ನನಗೇ ಬೇಕೆಂದು ಮೊದಲೇ ಹೇಳಿಟ್ಟಿದ್ದೆ.

ನಾನು ಮುಟ್ಟಿಸಿದೆ. ಬಹಳ ಹೊತ್ತು ಮುಟ್ಟಿಸಿದೆ. ನೀರು ಹಾಲಿನಂತೆ ಬೆಳ್ಳಗಾಯಿತು. ಒರೆಸಿ ನೋಡಿದರೆ ಬಳೆಯ ಗುರುತಿನಷ್ಟು ಗೆರೆ! ಮೊಮ್ಮಕ್ಕಳಿಗಾಗಿ ಆರಿಸಿದ ಗಾಜು ಅದು. ಮೊಮ್ಮಕ್ಕಳು ಬರುವವರೆಗೂ ತೂತು ಬೀಳುವ ಲಕ್ಷಣವಿರಲಿಲ್ಲ.

"ನಾಲ್ಕು ಗಂಟೆ," ಎಂದರು ಅಣ್ಣ, ಕುರ್ಚಿಯಿಂದ.

ಮತ್ತೆ ಮುಟ್ಟಿಸಿದೆ. ಬೆನ್ನು ಹಿಡಿದುಕೊಂಡಿತು, ಕಟ್ಟೆ ಒಡೆಯಿತು. ಚಪಾತಿ ಹಿಟ್ಟನ್ನು ಹುಡುಕಿಕೊಂಡು ಬಂದ ವಿಜಯ ಅದನ್ನು ಗಾಜಿನ ಮೇಲೆ ಕಂಡು, ಅಕ್ಕಿ ನೆನೆಸಲು ಹೋದಳು.

"ನಾಲ್ಕೂ ಇಪ್ಪತ್ತು. ಲೋ ನಾಗು, ಇವತ್ತಿಗೆ ಬಿಟ್ಟುಬಿಡೋ."

ಬಿಡಬಹುದಾಗಿತ್ತು. ಪ್ರಕಾಶನೂ ನಾಳೆ ಸಂಜೆ ಬರುತ್ತೇನೆಂದ. ಆದರೆ ಮುಕ್ಕಾಲು ಕೊರೆದ ತೂತನ್ನು ಬಿಟ್ಟು ಏಳುವುದು ಯಾವ ಗಂಡಸಿನಿಂದ ಆಗುತ್ತದೆ? ಇನ್ನೇನು ಆ ಕಡೆ ತಲುಪಿತು ಎಂದು ಯಂತ್ರದ ಮೇಲೆ ಸ್ವಲ್ಪ ಭಾರ ಹಾಕಿದೆ. ಇನ್ನೂ ಸ್ವಲ್ಪ. ಅಣ್ಣ "ಇಪ್ಪತ್ತೆಂಟು!" ಎಂದು ಕೂಗಿದಾಗ ಇಡೀ ಮೈಯನ್ನೇ ಹಾಕಿದೆ.

ಟಕ್.

ತೂತು ಹುಟ್ಟಿತು. ಸುಮುಹೂರ್ತದಲ್ಲಿಯೇ ಹುಟ್ಟಿತು. ಅದರ ಪಕ್ಕದಲ್ಲಿಯೇ ಕೂದಲೆಳೆಯಂಥ ಒಂದು ಬಿರುಕೂ ಹುಟ್ಟಿ, ಅಂಕುಡೊಂಕಾಗಿ ಮೂಲೆಯವರೆಗೆ ನಡೆದುಹೋಯಿತು. ಅಣ್ಣನ ಕಣ್ಣು ಮಂದ. ಅವರು "ಶಾಭಾಸ್" ಎಂದರು. ಪ್ರಕಾಶ ನನ್ನ ಮುಖ ನೋಡಿದ. ನಾನು ಪ್ರಕಾಶನ ಮುಖ ನೋಡಿದೆ.

"ಏನೂ ಆಗಲ್ಲ ಗುರು," ಎಂದು ಪಿಸುಗುಟ್ಟಿದ. "ಸಿಲಿಕಾನ್ ಗಮ್ ಬಳಿದ್ರೆ ಮುಗೀತು. ಹೆಂಗೂ ಗೋಡೆ ಕಡೆ ಹೋಗುತ್ತೆ."

ಬಳಿದೆವು. ಧಾರಾಳವಾಗಿಯೇ ಬಳಿದೆವು. ಸಂಜೆ ಬೀದಿಯ ನಾಲ್ಕು ಜನರನ್ನು ಕರೆದು ತೊಟ್ಟಿಯನ್ನು ಸ್ಟ್ಯಾಂಡಿನ ಮೇಲೇರಿಸಿ, ಬಿರುಕನ್ನು ಗೋಡೆಗೆ ತಿರುಗಿಸಿದೆವು. ವಿಜಯ ಕೇಳಿದಾಗ "ಫಸ್ಟ್ ಕ್ಲಾಸಾಗಿದೆ" ಎಂದೆ. ಗಮ್ ಒಣಗಲು ವಾರವಾದರೂ ಬೇಕೆಂದು ಡಬ್ಬಿಯ ಮೇಲೆ ಬರೆದಿತ್ತು. ಪಾಡ್ಯಕ್ಕೆ ವಾರವಿರಲಿಲ್ಲ.

ಅಮಾವಾಸ್ಯೆಯ ದಿನ ಅಣ್ಣ ತರ್ಪಣ ಮುಗಿಸಿ, ಊಟ ಮಾಡಿ ಮಲಗಿದ್ದರು. ವಿಜಯ ನಡುಮನೆಯ ನೆಲದ ಮೇಲೆ ಪೇಪರ್ ಹಾಸಿ, ಟ್ರಂಕಿನ ಗೊಂಬೆಗಳನ್ನೆಲ್ಲ ಬಟ್ಟೆ ಬಿಚ್ಚಿ, ಧೂಳು ಒರೆಸಿ, ಸಾಲಾಗಿ ಇಟ್ಟಿದ್ದಳು. ನಾನು ಪೈಪು ಹಿಡಿದು ತೊಟ್ಟಿ ತುಂಬಿಸುತ್ತಿದ್ದೆ. ನೀರು ತೂತಿನ ಹತ್ತಿರ ಬಂದರೂ ಒಂದು ಹನಿ ಸೋರಲಿಲ್ಲ! ಹುಮ್ಮಸ್ಸು ಬಂದು, ಮದ್ರಾಸಿನಿಂದ ತರಿಸಿದ್ದ ಸಮುದ್ರದ ಉಪ್ಪನ್ನೂ ಸುರಿದು ಕಲಕಿದೆ. ಬೆರಳದ್ದಿ ನೆಕ್ಕಿ ನೋಡಿದೆ. ಸಾಕ್ಷಾತ್ ಸಮುದ್ರ.

"ವಿಜಯಾ, ಬಂದು ನೋಡು!" ಎಂದು ಕೂಗಿದೆ.

ಅವಳು ಅಡುಗೆಮನೆಯಿಂದ ಬರುವುದಕ್ಕೂ ಹಿಂದಿನ ಗಾಜು ಬಿಟ್ಟುಕೊಳ್ಳುವುದಕ್ಕೂ ಸರಿಹೋಯಿತು. ಸದ್ದೇನೂ ದೊಡ್ಡದಿರಲಿಲ್ಲ. ಒಂದು ನಿಟ್ಟುಸಿರಿನಷ್ಟು. ನೀರು ಗೋಡೆಗೆ ಬಡಿದು, ಸ್ಟ್ಯಾಂಡಿನ ಕೆಳಗಿನಿಂದ ನುಗ್ಗಿ, ಕೆಂಪು ನೆಲದ ಮೇಲೆ ಹರಡಿ, ಪೇಪರನ್ನೂ ಅದರ ಮೇಲಿದ್ದವರನ್ನೂ ಎತ್ತಿಕೊಂಡು ಬಾಗಿಲ ಕಡೆಗೆ ಹೊರಟಿತು. ಮರದ ರಾಜ ರಾಣಿ ತೇಲಿದರು. ಮಣ್ಣಿನವರು ಮಗುಚಿ ಬಿದ್ದು, ಬಿದ್ದಲ್ಲಿಯೇ ನೆನೆದರು. ಕಡಲೆಪುರಿ, ಬೇಳೆಗಳ ಪುಟ್ಟ ತಟ್ಟೆಗಳ ನಡುವೆ ಪ್ರತಿ ವರ್ಷ ಠೀವಿಯಿಂದ ಕೂರುತ್ತಿದ್ದ ಶೆಟ್ಟರ ಗೊಂಬೆಯ ಮೀಸೆ ಕರಗಿ ಹೊಟ್ಟೆಗೆ ಇಳಿಯಿತು. ನಿದ್ದೆಯಿಂದೆದ್ದ ಅಣ್ಣ ಮಂಚದ ಮೇಲಿನಿಂದಲೇ "ಇದು ಯಾವ ನೀರೋ?" ಎಂದು ಕೂಗಿದರು.

ವಿಜಯ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಸೀರೆ ನೆನೆಯುವುದನ್ನೂ ನೋಡದೆ ನೀರಿನಲ್ಲಿ ಕೂತು, ಅಮ್ಮ ಕೊಟ್ಟ ಕೃಷ್ಣನನ್ನು ಎತ್ತಿಕೊಂಡಳು. ಅವನ ನೀಲಿಯೆಲ್ಲ ಅವಳ ಅಂಗೈಗೆ ಬಂತು.

"ಬಿರುಕು ಇತ್ತಾ ರೀ?" ಎಂದಳು.

"ಇತ್ತು."

"ಹೇಳಿದ್ದಿದ್ರೆ ಗೊಂಬೆ ಇಲ್ಲಿ ಇಡ್ತಿರ್ಲಿಲ್ಲ."

ಅಷ್ಟೇ. ನಾಚಿಕೆಯಾಯಿತು. ಬಕೆಟ್ಟಿಗೆ ನೀರು ಬಳಿಯುತ್ತಾ, ಈ ಸಲ ಅವಳ ಗೊಂಬೆ ತಪ್ಪಿತು, ತಪ್ಪಿಸಿದವನು ನಾನೇ ಎಂದು ಹಲ್ಲು ಕಚ್ಚಿಕೊಂಡೆ. ಆ ದವಡೆ ಹಲ್ಲು ಆಗಲೇ ಮತ್ತೆ ನೋಯತೊಡಗಿತು.

ಪಾಡ್ಯದ ಬೆಳಿಗ್ಗೆ ಹಮಾಲರನ್ನು ಹುಡುಕಿಕೊಂಡು ಹೋದೆ. ತೊಟ್ಟಿ ಎತ್ತಿಸಿ ಗೋಡೆಯನ್ನಾದರೂ ಅವಳಿಗೆ ಬಿಡಿಸಿಕೊಡೋಣವೆಂದು. ಅದೇ ಸೊಂಟದವನು ನನ್ನನ್ನು ಕಂಡು ಬೇರೆ ಬೀದಿಗೆ ತಿರುಗಿಕೊಂಡ. ಹಬ್ಬದ ದಿನ ಮತ್ಯಾರೂ ಸಿಗಲಿಲ್ಲ. ಬರಿಗೈಯಲ್ಲಿ ಮನೆಗೆ ಬಂದರೆ ವಿಜಯ ಸೆರಗು ಸಿಕ್ಕಿಸಿಕೊಂಡು ಸ್ಟೂಲಿನ ಮೇಲೆ ನಿಂತಿದ್ದಾಳೆ. ಗೋಡೆ ಬಿಡದ ತೊಟ್ಟಿಯೊಳಗೇ ಗೊಂಬೆಗಳನ್ನು ಒಂದೊಂದಾಗಿ ಇಳಿಸುತ್ತಿದ್ದಾಳೆ! ಇಸ್ತ್ರಿಪೆಟ್ಟಿಗೆಯ ಶಾಖದಲ್ಲಿ ಒಣಗಿದ ಗೊಂಬೆಗಳು. ಬಣ್ಣ ಹೋದವರು, ಕೈ ಹೋದವರು, ಒಂದು ಕಡೆಗೆ ವಾಲಿದವರು. ನೆಟ್ಟಗೆ ನಿಲ್ಲದವರನ್ನು ಮಲಗಿಸಿದ್ದಳು. ಎಲ್ಲಕ್ಕಿಂತ ಮೇಲೆ ರಾಜ ರಾಣಿ. ನಾನು ಹೋಗಿ ಸ್ಟೂಲು ಹಿಡಿದುಕೊಂಡೆ. ಅವಳು ಬೇಡ ಎನ್ನಲಿಲ್ಲ.

ಸಂಜೆ ಬೀದಿಯ ಮಕ್ಕಳು ಪದ್ಧತಿಯಂತೆ "ರೀ, ಗೊಂಬೆ ಕೂರ್ಸಿದೀರಾ?" ಎಂದು ಕೂಗುತ್ತಾ ಬಂದರು. ಹಿಂದೆಯೇ ಅರಿಶಿನ ಕುಂಕುಮಕ್ಕೆ ಹೆಂಗಸರು. ಗೊಂಬೆ ನೋಡಿದವರಿಗೆ ಕೊಡುವ ಚರ್ಪು, ಅಂದರೆ ಒಗ್ಗರಣೆ ಹಾಕಿದ ಕಡಲೆಕಾಳು, ಹಂಚುವ ಕೆಲಸಕ್ಕೆ ನನ್ನನ್ನು ಮೂಲೆಯಲ್ಲಿ ನಿಲ್ಲಿಸಲಾಗಿತ್ತು. ಎಲ್ಲರೂ ತೊಟ್ಟಿಯ ಮುಂದೆ ಬಂದು ನಿಂತರು. ನೆಲದ ಮೇಲೆ ಉಪ್ಪು ಒಣಗಿ ಅಲೆ ಅಲೆಯಾಗಿ ಬಿಳಿ ಗೆರೆ ಉಳಿದಿತ್ತು; ಎಷ್ಟು ಒರೆಸಿದರೂ ಹೋಗಿರಲಿಲ್ಲ. ಇವಳು ಈಗ ಏನು ಹೇಳುತ್ತಾಳೆ?

"ಏನ್ರೀ ವಿಜಯಾ ಇದು, ಈ ವರ್ಷ ಬೇರೆ ಥರಾನೇ ಮಾಡಿದೀರಾ?" ಎಂದರು ಎದುರುಮನೆಯ ಸಾವಿತ್ರಮ್ಮ.

ವಿಜಯ ಒಂದು ಕ್ಷಣ ನನ್ನ ಕಡೆ ನೋಡಿದಳು. ಆಮೇಲೆ ಗಂಭೀರವಾಗಿ ಹೇಳಿದಳು:

"ಪ್ರಳಯ."

"ಅಯ್ಯೋ ನನ್ನ ತಾಯಿ!" ಸಾವಿತ್ರಮ್ಮ ಕೆನ್ನೆಗೆ ಕೈ ಹಚ್ಚಿದರು. "ಅದೇ ಅನ್ಕೊಂಡೆ. ಎಷ್ಟು ಜೀವಂತವಾಗಿದೆ! ಆ ಶೆಟ್ರ ಮುಖ ನೋಡಿ, ಎಲ್ಲಾ ಕೊಚ್ಕೊಂಡು ಹೋದಂಗೇ ಇದೆ. ನೆಲದ ಮೇಲೆ ಅಲೆ ಬೇರೆ! ಎಷ್ಟು ದಿನದಿಂದ ಮಾಡಿದ್ರಿ?"

"ನಾನೆಲ್ಲಿ ಮಾಡಿದ್ದು ರೀ? ಎಲ್ಲಾ ಇವ್ರೇ," ಎಂದಳು ವಿಜಯ.

ಹೆಂಗಸರೆಲ್ಲ ನನ್ನ ಕಡೆ ತಿರುಗಿ ಮೆಚ್ಚುಗೆಯಿಂದ ನೋಡಿದರು. ನಾನು ತಲೆ ತಗ್ಗಿಸಿದ್ದನ್ನು ವಿನಯವೆಂದು ತಿಳಿದರು.

"ಎಲ್ಲಾ ಸರಿ. ಪ್ರಳಯ ಅಂದ್ಮೇಲೆ ಮತ್ಸ್ಯಾವತಾರ ಇರ್ಬೇಕಲ್ಲ? ಮೀನೆಲ್ಲಿ ರೀ?"

"ಮೀನು ಬರೋಕ್ಕಾಗ್ಲಿಲ್ಲ ಸಾವಿತ್ರಮ್ಮ," ಎಂದಳು ನನ್ನ ಹೆಂಡತಿ. "ಪ್ರಳಯ ತಂದೋರು ಮಾತ್ರ ಅಲ್ಲೇ ಮೂಲೇಲಿ ನಿಂತಿದಾರೆ. ಚರ್ಪು ಅವ್ರ ಹತ್ರಾನೇ ಇಸ್ಕೊಳ್ಳಿ."

ನಾನು ಕೊಟ್ಟೆ. ಒಬ್ಬಳು ಪುಟ್ಟ ಹುಡುಗಿ ಒಂದು ಕಾಳು ಬಾಯಿಗೆ ಹಾಕಿಕೊಂಡು, ಮುಖ ಕಿವುಚಿ, "ಅಂಕಲ್, ಉಪ್ಪು ಜಾಸ್ತಿ," ಎಂದಳು.