ಸ್ವಂತಕ್ಕೊಂದು ವೆಬ್‌ಸೈಟು

ಊರಿಗೆಲ್ಲ ವೆಬ್‌ಸೈಟ್ ಕಟ್ಟಿಕೊಟ್ಟವನಿಗೆ ಸ್ವಂತದ್ದೊಂದು ಇರಲಿಲ್ಲ. ಅಡುಗೆಮನೆ ಪಕ್ಕದ ಕೋಣೆಯಲ್ಲಿ ಕೂತೇ ನಲವತ್ತು ಅಂಗಡಿಗಳ ಸೈಟು ನೋಡಿಕೊಳ್ಳುತ್ತಿದ್ದ ಪುಣ್ಯಾತ್ಮ. ಲಾಭಕ್ಕೇನೂ ಕೊರತೆಯಿರಲಿಲ್ಲ, ಸೀನಲಿಕ್ಕೆ ಮಾತ್ರ ಪುರುಸೊತ್ತಿರಲಿಲ್ಲ.

ಬೆಳಿಗ್ಗೆ ಸೋಫಾ ಅಂಗಡಿಯ ಯಜಮಾನಿ ಫೋನ್ ಮಾಡಿದಳು. "ನಮ್ಮ ಒಂಬತ್ತು ಅಂಗಡಿ ಕೆಲಸಾನೂ ನಿಮಗೇ ಕೊಡೋಣ ಅಂತಿದೀನಿ. ಮೊದಲು ನಿಮ್ಮ ಸೈಟ್ ತೋರಿಸಿ."

"ಅದಕ್ಕೆ ಸ್ವಲ್ಪ ಬಣ್ಣ ಹೊಡೀತಿದೀವಿ ಮೇಡಂ. ಸಂಜೆ ಕಳಿಸ್ತೀನಿ" ಎಂದುಬಿಟ್ಟ.

ಈ ಒಬ್ಬಳು ಸಿಕ್ಕರೆ ಆ ನಲವತ್ತು ಜನರ ಕಾಟ ತಪ್ಪೀತು. ಫೋನನ್ನು ದಿಂಬಿನ ಕೆಳಗೆ ತುರುಕಿ ಸ್ವಂತ ಸೈಟು ಕಟ್ಟಲು ಕೂತ. ಗಿರಾಕಿಗಳ ಕರೆಗೆ ದಿಂಬು ಜೇನುಗೂಡಿನ ಹಾಗೆ ಗುಂಯ್‌ಗುಟ್ಟುತ್ತಿತ್ತು.

ಹೆಂಡತಿ ಇಣುಕಿದಳು. "ನಿಮ್ಮ ಫೋಟೋನೇ ಇಲ್ವಲ್ರೀ. ಮುಖ ಇಲ್ಲದವನಿಗೆ ಯಾರು ಕೆಲಸ ಕೊಡ್ತಾರೆ?"

ಫೋಟೋಗೆಂದು ಕೆಳಮನೆಯ ದರ್ಜಿ ಯಾರಿಗೋ ಹೊಲಿದಿಟ್ಟ ಕೋಟು ತಂದು ತೊಡಿಸಿದ. ಕೋಟಿನೊಳಗೆ ಇನ್ನೂ ಮೂವರು ಬಾಡಿಗೆಗೆ ಇರಬಹುದಿತ್ತು. ಬೆನ್ನಹಿಂದೆ ಹನ್ನೆರಡು ಬಟ್ಟೆ ಕ್ಲಿಪ್ಪು ಸಿಕ್ಕಿಸಿ ಬಿಗಿ ಮಾಡಿದರು.

"ಉಸಿರು ಬಿಡಬೇಡಿ ಸ್ವಾಮಿ" ಎಂದ ದರ್ಜಿ.

ಬಿಟ್ಟೇಬಿಟ್ಟ. ಒಂದು ಕ್ಲಿಪ್ಪು ಹಾರಿ, ನೋಡುತ್ತ ನಿಂತಿದ್ದ ಅತ್ತೆಯ ಮೂಗಿಗೆ ಬಡಿಯಿತು.

ಅತ್ತೆ ಮೂಗು ಉಜ್ಜಿಕೊಳ್ಳುತ್ತಲೇ ಕಂಪ್ಯೂಟರಿನೆದುರು ಕುರ್ಚಿ ಎಳೆದುಕೊಂಡಳು. "ಏನಿದು ಅಳಿಯಂದ್ರೇ, ಆಸ್ಪತ್ರೆ ಗೋಡೆ ಇದ್ದಂಗಿದೆ? ಏನಾದ್ರೂ ಓಡಾಡ್ತಾ ಇರ್ಬೇಕು."

ಅಕ್ಷರಗಳನ್ನು ಓಡಿಸಿದ.

"ಇವಕ್ಕೇನು ಮಂಡಿನೋವಾ? ಜೋರಾಗಿ ಓಡಿಸಿ."

ಸಂಜೆಯ ಹೊತ್ತಿಗೆ ಅಕ್ಷರ ಕುಣಿಯಿತು, ಚಿತ್ರ ತೇಲಿತು, ಕೋಟು ತೊಟ್ಟ ಅಳಿಯ ನಾಲ್ಕು ದಿಕ್ಕಿನಿಂದಲೂ ಜಾರಿ ಬಂದ. ದರ್ಜಿಯ ಕಣ್ಣಲ್ಲಿ ನೀರೇ ಬಂತು. ಅದು ಸಂತೋಷಕ್ಕೋ ತಲೆಸುತ್ತಿಗೋ ಯಾರೂ ವಿಚಾರಿಸಲಿಲ್ಲ. ಸೈಟು ಕಳಿಸಿ, ಫೋನನ್ನು ದಿಂಬಿನಡಿಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡು ಕೂತ.

ಯಜಮಾನಿಯ ಕರೆ ಬಂತು. "ಅಬ್ಬಬ್ಬಾ, ಅರಮನೆ ಕಣ್ರೀ ಇದು. ಯಾರು ಮಾಡಿದ್ದು?"

"ನಾನೊಬ್ಬನೇ, ಮೇಡಂ."

"ಎಷ್ಟು ದಿನ ಹಿಡೀತು?"

ಒಂದೇ ದಿನ ಎಂದರೆ ತಾನು ಅಗ್ಗವಾಗುತ್ತೇನೆಂದು ಎದೆಯುಬ್ಬಿಸಿದ. "ಪೂರಾ ಮೂರು ತಿಂಗಳು."

"ಹಂಗಾದ್ರೆ ಬೇಡ ಬಿಡಿ. ಸ್ವಂತದ್ದಕ್ಕೇ ಮೂರು ತಿಂಗಳು ಕೂತ್ರಿ ಅಂದ್ರೆ ನಿಮ್ಮ ಹತ್ರ ಗಿರಾಕಿಗಳೇ ಇಲ್ಲ ಅಂತಾಯ್ತು. ಇನ್ನೊಬ್ಬರಿಗೆ ಕೊಡ್ತೀನಿ. ಅವರಿಗೆ ಒಂದು ಸೈಟ್ ಮಾಡ್ಕೊಳ್ಳೋಕೂ ಬಿಡುವಿಲ್ಲ, ಪಾಪ."

"ನನಗೂ ಬಿಡುವಿಲ್ಲ ಮೇಡಂ, ನಿಜವಾಗ್ಲೂ. ಬೆಳಿಗ್ಗೆಯಿಂದ ನಲವತ್ತು ಜನ ಫೋನ್ ಮಾಡಿದಾರೆ."

"ಹೌದಾ?" ಎಂದಳು ಯಜಮಾನಿ. "ಮತ್ತೆ ನನ್ನದನ್ನ ಅರ್ಧ ರಿಂಗಿಗೇ ಎತ್ತಿದ್ರಲ್ಲ."