ಸರಾಸರಿ ಇನ್ನೂರು ವೋಲ್ಟ್

ಭಾರತದಲ್ಲಿ ವಿದ್ಯುತ್ತು ಇನ್ನೂರ ಮೂವತ್ತು ವೋಲ್ಟ್ ಒತ್ತಡದಲ್ಲಿ ಹರಿಯುತ್ತದೆ. ಇದು ಸರ್ಕಾರದ ನಿರ್ಧಾರ. ವಿದ್ಯುತ್ತಿಗೆ ಇದನ್ನು ಯಾರೂ ತಿಳಿಸಿಲ್ಲ ಎಂಬುದು ಬೇರೆ ಮಾತು.

ಹೈದರಾಬಾದಿನ ಗಲ್ಲಿಗಲ್ಲಿಯಲ್ಲೂ ಕಂಪ್ಯೂಟರ್ ಕಲಿಸುವ ಬೋರ್ಡು ತೂಗಾಡುತ್ತಿದ್ದ ಕಾಲ. ಕೇಂದ್ರೀಯ ಪೆಟ್ಟಿಗೆ ನಿಗಮಕ್ಕೂ ಹುರುಪು ಬಂದು, ಹಳ್ಳಿ ಆಸ್ಪತ್ರೆಗಳ ಲಸಿಕೆ ಫ್ರಿಜ್ಜುಗಳನ್ನೆಲ್ಲ ಕಂಪ್ಯೂಟರ್ ಪೆಟ್ಟಿಗೆಯಿಂದ ನಡೆಸುವ ಅಭಿಯಾನ ಸಾರಿತು. ಒತ್ತಡದ ಏರಿಳಿತದಿಂದ ಪೆಟ್ಟಿಗೆಯನ್ನು ಕಾಯುವ ವೋಲ್ಟೇಜ್ ರೆಗ್ಯುಲೇಟರ್ ಆರಿಸುವ ಕೆಲಸ ಎಂಜಿನಿಯರ್ ಸೂಗಪ್ಪನ ಕೊರಳಿಗೆ ಬಿತ್ತು. ಆಗ ಅವನ ತಲೆಯಲ್ಲಿದ್ದದ್ದು ಮಗಳು ಕಾವ್ಯಾಳ ನಿಶ್ಚಿತಾರ್ಥ. ಬೇಗಂ ಬಜಾರಿನ ಬೇಳೆ ವ್ಯಾಪಾರಿ ಅಮೃತಪ್ಪನವರ ಮಗ ಗುರುಬಸವ ಒಪ್ಪಿದ್ದ. ಹುಡುಗ ಅಬಿಡ್ಸ್‌ನಲ್ಲಿ ಕಂಪ್ಯೂಟರ್ ಕೋರ್ಸು ಮುಗಿಸಿ ನೌಕರಿ ಹುಡುಕುತ್ತಿದ್ದ. ಮಿಯಾಪುರದ ಮನೆಯಲ್ಲಿ ತನ್ನ ಕೈಯಾರೆ ತಾಂಬೂಲ ಕೊಡಬೇಕು ಎಂಬುದೊಂದೇ ಸೂಗಪ್ಪನ ಆಸೆ.

ಆದರೂ ಅವನು ಕೆಲಸಗಳ್ಳನಲ್ಲ. ತಾಂಡೂರು ಕಡೆಯ ಹಳ್ಳಿಗಳಿಗೆ ಹೋಗಿ ಅಳೆದ. ಹೊಲದ ಪಂಪುಗಳು ಶುರುವಾದರೆ ನೂರಹತ್ತು ವೋಲ್ಟ್, ನಿಂತರೆ ಇನ್ನೂರ ತೊಂಬತ್ತು. ಎರಡನ್ನೂ ತಾಳುವ ರೆಗ್ಯುಲೇಟರೇ ಬೇಕೆಂದು ಬರೆದುಕೊಟ್ಟ.

ಜನರಲ್ ಮ್ಯಾನೇಜರ್ ಹನುಮಂತರಾಯರು ಮೈಸೂರು ಕಡೆಯವರು, ನಯವಾಗಿ ಮಾತಾಡಿ ಕೆಲಸ ಕೆಡಿಸುವುದರಲ್ಲಿ ಎತ್ತಿದ ಕೈ. ಹೀಗೆ ಬರೆದರೆ ವಿದ್ಯುತ್ ಇಲಾಖೆಯ ಮೇಲೆ ದೂರು ಕೊಟ್ಟಂತೆ, ಒಂದು ಸರ್ಕಾರಿ ಸಂಸ್ಥೆ ಇನ್ನೊಂದರ ಮರ್ಯಾದೆ ತೆಗೆಯಬಾರದು ಎಂದು ತಿಳಿಹೇಳಿದರು.

"ಪೆಟ್ಟಿಗಿಗೆ ಮರ್ಯಾದಿ ತಿಳಿಯಂಗಿಲ್ರಿ ಸರ. ಸುಟ್ಟು ಹೋಗ್ತೈತಿ" ಎಂದ ಸೂಗಪ್ಪ.

ಅದಕ್ಕೆಂದೇ ಸಮಿತಿ ಕೂತಿತು. ಸಮೋಸಾ, ಇರಾನಿ ಚಹಾ ಮುಗಿಯುವ ಹೊತ್ತಿಗೆ ಯಾರ ಮನಸ್ಸಿಗೂ ನೋವಾಗದ ಪರಿಹಾರ ಹೊಳೆಯಿತು. ನೂರಹತ್ತು ಮತ್ತು ಇನ್ನೂರ ತೊಂಬತ್ತರ ಸರಾಸರಿ ಇನ್ನೂರು. ಆದ್ದರಿಂದ ಇನ್ನೂರನ್ನಷ್ಟೇ ತಾಳುವ ರೆಗ್ಯುಲೇಟರ್ ಕೊಂಡರೆ ಸಾಕು. "ಹೆಚ್ಚು ಬಂದ ಒತ್ತಡವು ಕಡಿಮೆ ಬಂದ ಒತ್ತಡದೊಂದಿಗೆ ತಾನಾಗಿಯೇ ಹೊಂದಾಣಿಕೆ ಮಾಡಿಕೊಳ್ಳತಕ್ಕದ್ದು" ಎಂದು ಆಜ್ಞೆ ಹೊರಟಿತು. ನಿಗಮದ ಎಸಿ ಕೋಣೆಯಲ್ಲಿ ಇನ್ನೂರು ವೋಲ್ಟ್ ಕೊಟ್ಟು ಪರೀಕ್ಷಿಸಿದಾಗ ಎಲ್ಲವೂ ಪಾಸಾದವು.

ಹಳ್ಳಿಗಳಲ್ಲಿ ಪಂಪುಗಳು ನಿಂತವು, ಒತ್ತಡ ಏರಿತು, ಪೆಟ್ಟಿಗೆಗಳು ಹೊಗೆಯಾಡಿದವು, ಲಸಿಕೆ ಬೆಚ್ಚಗಾಯಿತು. ಕೂಸುಗಳನ್ನು ಎತ್ತಿಕೊಂಡು ಬಂದ ತಾಯಂದಿರು ಹಾಗೇ ತಿರುಗಿ ಹೋದರು.

ವಿಚಾರಣೆ ನಿಷ್ಪಕ್ಷಪಾತವಾಗಿ ನಡೆಯಿತು. ರೆಗ್ಯುಲೇಟರುಗಳಲ್ಲಿ ದೋಷವಿಲ್ಲ, ವಿದ್ಯುತ್ತು ಸರಾಸರಿಯನ್ನು ಪಾಲಿಸಿಲ್ಲ ಎಂದು ತೀರ್ಮಾನವಾಯಿತು. ಅದು ಪಾಲಿಸುವುದಿಲ್ಲ ಎಂದು ಮೊದಲೇ ಗೊತ್ತಿದ್ದವನು ಸೂಗಪ್ಪ ಒಬ್ಬನೇ ಆದ್ದರಿಂದ ತಪ್ಪೂ ಅವನದೇ. ಇನ್ನೂ ಸುಡದೆ ಉಳಿದಿದ್ದ ಪೆಟ್ಟಿಗೆ ಒಂದೇ ಒಂದು. ಆ ಹಳ್ಳಿಯ ಆಸ್ಪತ್ರೆಯನ್ನು ಮಾದರಿ ಕೇಂದ್ರವೆಂದು ಘೋಷಿಸಿ, ಸೂಗಪ್ಪನನ್ನು ಅಲ್ಲಿಗೆ ಹಾಕಿದರು. ಮೀಟರು ನೋಡುತ್ತ, ಒತ್ತಡ ಏರಿಳಿಸುವ ಹಿಡಿಕೆಯನ್ನು ಕೈಯಿಂದ ತಿರುಗಿಸುತ್ತ, ಅದನ್ನು ಇನ್ನೂರಕ್ಕೆ ನಿಲ್ಲಿಸುವುದು ಅವನ ಕೆಲಸ. ಹಿಡಿಕೆ ಬಿಟ್ಟು ಎದ್ದರೆ ಲಸಿಕೆ ಕೆಡುತ್ತದೆ ಎಂಬ ಚಿಂತೆ ಇದ್ದವನೂ ಅವನೊಬ್ಬನೇ. ಹಾಗಾಗಿ ಏಳಲಿಲ್ಲ.

ನಿಶ್ಚಿತಾರ್ಥಕ್ಕೆ ರಜೆ ಕೇಳಿದಾಗ ಹನುಮಂತರಾಯರು ಫೋನಿನಲ್ಲಿ ಪ್ರೀತಿಯಿಂದಲೇ ನಕ್ಕರು.

"ರಜೆ ಯಾಕ್ರೀ ಸೂಗಪ್ಪ? ಕರೆಂಟ್ ಹೋದಾಗೆಲ್ಲ ನಿಮಗೆ ರಜೆ ತಾನೇ?"

ಹೆಂಡತಿ ಶಾರದಾಬಾಯಿ ಅತ್ತಳು. ಅಮೃತಪ್ಪನವರು ಮಾತ್ರ ವ್ಯಾಪಾರಸ್ಥರು. ಗಿರಾಕಿ ಅಂಗಡಿಗೆ ಬರದಿದ್ದರೆ ಮಾಲನ್ನೇ ಅವನ ಮನೆಗೆ ಒಯ್ಯಬೇಕು ಎಂದು, ಬೀಗರನ್ನೆಲ್ಲ ಜೀಪಿನಲ್ಲಿ ತುಂಬಿಕೊಂಡು ಆಸ್ಪತ್ರೆಗೇ ಬಂದರು. ಶಾಸ್ತ್ರ ಮಾಡಿಸುವ ಸ್ವಾಮಿಗಳು ಪಂಚಾಂಗ ಮಡಚಿಟ್ಟು, ಲೈನ್‌ಮನ್‌ನನ್ನು ಕೇಳಿ ಕರೆಂಟ್ ಹೋಗುವ ಹೊತ್ತಿಗೇ ಮುಹೂರ್ತ ಇಟ್ಟಿದ್ದರು.

ಆ ದಿನ ಕರೆಂಟ್ ಹೋಗಲೇ ಇಲ್ಲ. ಬುತ್ತಿಗಳು ತಣ್ಣಗಾದವು. ಸೂಗಪ್ಪ ಹಿಡಿಕೆ ತಿರುಗಿಸುತ್ತಲೇ ಇದ್ದ, ಕಣ್ಣಲ್ಲಿ ನೀರು ಬಂದು ಮೀಟರು ಮಸುಕಾಗುತ್ತಿತ್ತು. ಕೊನೆಗೆ ಗುರುಬಸವ ಹೊಸ ಅಂಗಿಯ ತೋಳು ಏರಿಸಿದ.

"ಇತ್ಲಾಗ ಕೊಡ್ರಿ ಮಾವಾರೆ, ನಾ ಹಿಡೀತೀನಿ. ನೀವು ತಾಂಬೂಲ ಕೊಟ್ಟು ಬರ್ರಿ."

ಸೂಗಪ್ಪ ಕೊಟ್ಟ. ತಾಂಬೂಲ ಅಮೃತಪ್ಪನವರ ಕೈ ಸೇರಿತು, ಹೆಂಗಸರು ಕಾವ್ಯಾಳಿಗೆ ಉಡಿ ತುಂಬಿದರು. ಗುರುಬಸವ ಕತ್ತು ಹೊರಳಿಸದೆ ಇನ್ನೂರನ್ನು ಕಾದ.

ಸುದ್ದಿ ನಿಗಮಕ್ಕೆ ತಲುಪಿತು. ಮಾದರಿ ಕೇಂದ್ರದಲ್ಲಿ ಅನ್ಯರು ಹಿಡಿಕೆ ಮುಟ್ಟುವುದು ನಿಯಮಬಾಹಿರ. ಮುಟ್ಟಿಯಾಗಿರುವುದರಿಂದ ಅವನು ಅನ್ಯನಾಗಿರಲು ಸಾಧ್ಯವಿಲ್ಲವೆಂದು ಸಮಿತಿ ಕಂಡುಕೊಂಡು, ಗುರುಬಸವನನ್ನು ಅದೇ ಹಳ್ಳಿಗೆ ಹೆಚ್ಚುವರಿ ರೆಗ್ಯುಲೇಟರನ್ನಾಗಿ ನೇಮಿಸಿತು. ಸರ್ಕಾರಿ ನೌಕರಿ ಸಿಕ್ಕಿತೆಂದು ಅಮೃತಪ್ಪನವರು ಬೇಗಂ ಬಜಾರಿನ ತುಂಬ ಪೇಡೆ ಹಂಚಿದರು.